ಕಿಟಕಿಯಲ್ಲಿ ಹಾಡಿದಾಕೆ

ಹಳೆಯ ಹಾಲಿವುಡ್ ಸಿನಿಮಾಗಳಲ್ಲಿ ಹಾಡಿಯೂ ಹೆಸರು ಸಿಗದವರ ಬಗ್ಗೆ ಇವತ್ತು ಮಾತಾಡುತ್ತೇನೆ. ಪರದೆ ಮೇಲೆ ಒಂದು ರೆಕಾರ್ಡಿನ ಫೋಟೋ ಇದೆ, ನೋಡಿ. ನಿಮ್ಮಲ್ಲಿ ಕೆಲವರ ಮನೆಯಲ್ಲಿ ತಾತನ ಕಾಲದ ಗ್ರಾಮಫೋನ್ ಪ್ಲೇಟುಗಳು ಇರಬಹುದು. ಅವು ಸಾಮಾನ್ಯವಾಗಿ 10 ಇಂಚಿನವು. ಇದು 16 ಇಂಚು. ಊಟದ ತಟ್ಟೆಗಿಂತ ದೊಡ್ಡದು, ಹೆಚ್ಚು ಕಡಿಮೆ ದೋಸೆ ಕಾವಲಿಯಷ್ಟು. ಲೇಬಲ್ ಮೇಲೆ ಸಾಲಾಗಿ ಸಣ್ಣ ಸಣ್ಣ ಚೌಕಗಳು ಕಾಣುತ್ತಿವೆ ಅಲ್ವಾ? ಪ್ರತಿ ಸಲ ಈ ಪ್ಲೇಟು ಹಾಕಿದಾಗ ಚಿತ್ರಮಂದಿರದ ಆಪರೇಟರ್ ಒಂದು ಚೌಕಕ್ಕೆ ಗುರುತು ಮಾಡಬೇಕಿತ್ತು. ಸುಮಾರು 20 ಸಲ ಆಯಿತು ಅಂದರೆ ಮುಳ್ಳು ಉಜ್ಜಿ ಉಜ್ಜಿ ಗೆರೆ ಸವೆದಿರುತ್ತದೆ. ಆ ಪ್ಲೇಟು ಬಿಸಾಕಿ ಹೊಸದು ತರಿಸಬೇಕು. ಇನ್ನೊಂದು ತಮಾಷೆ ಏನೆಂದರೆ ಇದರಲ್ಲಿ ಮುಳ್ಳು ಅಂಚಿನಿಂದ ಒಳಕ್ಕೆ ಹೋಗುವುದಿಲ್ಲ. ಲೇಬಲ್ ಪಕ್ಕ ಶುರುವಾಗಿ ಹೊರಗೆ ಬರುತ್ತದೆ.

ಇದು ವೈಟಾಫೋನ್. ಹಾಲಿವುಡ್ಡಿನ ಸಿನಿಮಾ ಮೊದಲು ಹಾಡಿದ್ದು ಈ ಪ್ಲೇಟುಗಳ ಮೇಲೆ. 1927ರ ಅಕ್ಟೋಬರ್ 6ರಂದು ನ್ಯೂಯಾರ್ಕಿನಲ್ಲಿ 'ದ ಜಾಝ್ ಸಿಂಗರ್' ಚಿತ್ರದ ತೆರೆಯ ಮೇಲೆ ಆಲ್ ಜೋಲ್ಸನ್ ಹಾಡಿದಾಗ ಪ್ರೇಕ್ಷಕರು ಹುಚ್ಚೆದ್ದು ಹೋದರಲ್ಲ, ಆ ದನಿ ಫಿಲ್ಮಿನಲ್ಲಿ ಇರಲಿಲ್ಲ. ಪ್ರೊಜೆಕ್ಟರಿಗೆ ಜೋಡಿಸಿದ ಇಂಥ ಪ್ಲೇಟಿನಲ್ಲಿತ್ತು. ಒಂದು ಪ್ಲೇಟಿಗೆ 11 ನಿಮಿಷ, ಒಂದು ಸಾವಿರ ಅಡಿಯ ರೀಲಿಗೂ 11 ನಿಮಿಷ. ಎರಡೂ ಜೊತೆಗೆ ಓಡಬೇಕು. ನಡುವೆ ರೀಲು ಹರಿದು, ಆಪರೇಟರ್ ನಾಲ್ಕು ಫ್ರೇಮು ಕತ್ತರಿಸಿ ಅಂಟಿಸಿದನೋ, ಮುಗಿಯಿತು. ಹೋದ ಅಷ್ಟೇ ಜಾಗಕ್ಕೆ ಕಪ್ಪು ಫಿಲ್ಮ್ ಸೇರಿಸದಿದ್ದರೆ ಅಲ್ಲಿಂದಾಚೆಗೆ ತುಟಿ ಒಂದು ಕಡೆ, ಮಾತು ಒಂದು ಕಡೆ.

ಇದನ್ನು ಯಾಕೆ ಹೇಳ್ತಿದ್ದೇನೆ ಅಂದರೆ, ದನಿ ಬೇರೆ, ಮುಖ ಬೇರೆ ಅನ್ನುವುದು ಅಲ್ಲಿ ಬರೀ ಮಾತಲ್ಲ. ನಿಜವಾಗಿಯೂ ಅವೆರಡು ಬೇರೆ ಬೇರೆ ಡಬ್ಬಿಗಳಲ್ಲಿದ್ದವು. ಕಾಲಕ್ರಮದಲ್ಲಿ ಒಂದು ಡಬ್ಬಿ ಇಲ್ಲಿ, ಒಂದು ಅಲ್ಲಿ ಆಯಿತು. ನೈಟ್ರೇಟ್ ಫಿಲ್ಮು ಕೊಳೆತು ಹೋದ ಕಡೆ ಪ್ಲೇಟು ಉಳಿಯಿತು. ಪ್ಲೇಟು ಒಡೆದ ಕಡೆ ಮೂಕ ಚಿತ್ರ ಉಳಿಯಿತು. 1991ರಿಂದ ಅಮೆರಿಕದಲ್ಲಿ ವೈಟಾಫೋನ್ ಪ್ರಾಜೆಕ್ಟ್ ಅಂತ ಒಂದು ಸಂಗ್ರಾಹಕರ ಗುಂಪು ಇದೆ. ಅವರ ಕೆಲಸವೇ ಇದು, ಅಟ್ಟಗಳಲ್ಲಿ, ಗುಜರಿಗಳಲ್ಲಿ ಸಿಕ್ಕ ಪ್ಲೇಟಿಗೂ ಎಲ್ಲೋ ಉಳಿದ ರೀಲಿಗೂ ಗಂಟು ಹಾಕುವುದು. ಹೆಣ್ಣು ಗಂಡು ಜಾತಕ ಕೂಡಿಸಿದ ಹಾಗೆ.

ಒಂದು ಉದಾಹರಣೆ ಕೊಡುತ್ತೇನೆ. 1929ರಲ್ಲಿ ವಾರ್ನರ್ ಕಂಪನಿ 'ಗೋಲ್ಡ್ ಡಿಗರ್ಸ್ ಆಫ್ ಬ್ರಾಡ್‌ವೇ' ಅಂತ ಬಣ್ಣದ ಸಂಗೀತ ಚಿತ್ರ ಮಾಡಿತು. ಅದರಲ್ಲಿ ನಿಕ್ ಲ್ಯೂಕಸ್ ಅನ್ನುವ ಗಿಟಾರ್ ಗಾಯಕ 'ಟಿಪ್‌ಟೋ ಥ್ರೂ ದ ಟ್ಯುಲಿಪ್ಸ್' ಹಾಡಿದರು. ದನಿಯ ಪ್ಲೇಟುಗಳೆಲ್ಲ ಸಿಕ್ಕಿವೆ. ಚಿತ್ರ ಮಾತ್ರ ಕೊನೆಯ ಒಂದಿಷ್ಟು ಬಿಟ್ಟರೆ ಹೆಚ್ಚಿನದು ಇಲ್ಲ. ಅಂದರೆ ಇವತ್ತು ನಾವು ಆ ಸಿನಿಮಾವನ್ನು ನೋಡಲಾಗುವುದಿಲ್ಲ, ರೇಡಿಯೊ ನಾಟಕದ ಹಾಗೆ ಕೇಳಬಹುದು ಅಷ್ಟೇ. ನನಗೆ ಈ ಲ್ಯೂಕಸ್ ಪರಿಚಯವಾಗಿದ್ದು ಬೆಂಗಳೂರಿನ ಸಂಡೇ ಬಜಾರಿನಲ್ಲಿ. ನೆಲದ ಮೇಲೆ ಗೋಣಿಚೀಲ ಹಾಸಿ ಹಳೇ ಪ್ಲೇಟು ಹರಡಿಕೊಂಡಿದ್ದ ಒಬ್ಬರು, "ಸಾರ್, ಇದು ಇಂಗ್ಲಿಷ್ ಹಾಡು, ಯಾರೂ ಮುಟ್ಟಲ್ಲ, ಐವತ್ತು ರೂಪಾಯಿ ಕೊಟ್ಟು ತಗೊಂಡು ಹೋಗಿ" ಅಂದರು. ಮನೆಗೆ ತಂದು ಒರೆಸಿ ಹಾಕಿದೆ. ಸಾಸಿವೆ ಸಿಡಿದ ಹಾಗೆ ಚಟಚಟ ಸದ್ದು. ಅದರ ಹಿಂದೆ ತುಂಬಾ ಮೆತ್ತಗಿನ ಒಂದು ದನಿ, ಪಕ್ಕದ ಕುರ್ಚಿಯಲ್ಲಿ ಕೂತು ಹಾಡಿದಷ್ಟು ಹತ್ತಿರ. ಅವತ್ತು ಹಿಡಿದ ಹುಚ್ಚು ಇವತ್ತು ನಿಮ್ಮ ತಲೆ ತಿನ್ನುತ್ತಿದೆ.

ಲ್ಯೂಕಸ್ ಅದೃಷ್ಟವಂತರು ಅಂತಲೇ ಹೇಳಬೇಕು. 1968ರಲ್ಲಿ ಟೈನಿ ಟಿಮ್ ಅನ್ನುವ ಇನ್ನೊಬ್ಬರು ಅದೇ ಹಾಡನ್ನು ಕೀರಲು ದನಿಯಲ್ಲಿ ಹಾಡಿ ಜಗತ್ಪ್ರಸಿದ್ಧರಾದರು. ಮರುವರ್ಷ ಡಿಸೆಂಬರಿನಲ್ಲಿ ಟೀವಿಯಲ್ಲೇ ಅವರ ಮದುವೆ ನಡೆಯಿತು. ಆ ಮದುವೆಗೆ ಲ್ಯೂಕಸ್ ಅವರನ್ನು ಕರೆಸಿ ಹಾಡಿಸಿದರು. ಹಾಡಿನ ಮೂಲ ಯಜಮಾನರು ಇವರು ಅಂತ ಜನಕ್ಕೆ ಒಂದು ಸಲ ತೋರಿಸಿದಂತಾಯಿತು. ಎಲ್ಲರಿಗೂ ಆ ಭಾಗ್ಯ ಇರಲಿಲ್ಲ.

ಈಗ ಪ್ಲೇಬ್ಯಾಕ್ ಅನ್ನುವ ಪದಕ್ಕೆ ಬರುತ್ತೇನೆ. ನಾವು ಬಾಯಿ ಬಿಟ್ಟರೆ ಪ್ಲೇಬ್ಯಾಕ್ ಸಿಂಗರ್ ಅಂತೀವಿ. ಆ ಪದ್ಧತಿ ಹೇಗೆ ಹುಟ್ಟಿತು ಗೊತ್ತಾ? ಮೊದಮೊದಲು ಎಲ್ಲವೂ ಒಟ್ಟಿಗೇ ನಡೆಯುತ್ತಿತ್ತು. ನಟ ಕ್ಯಾಮೆರಾ ಮುಂದೆ ಹಾಡಬೇಕು, ಅದೇ ಸೆಟ್ಟಿನಲ್ಲಿ, ಚಿತ್ರದಲ್ಲಿ ಕಾಣದ ಮೂಲೆಯಲ್ಲಿ ಇಡೀ ವಾದ್ಯವೃಂದ ಕೂತು ನುಡಿಸಬೇಕು. ಕ್ಯಾಮೆರಾ ಗರಗರ ಸದ್ದು ಮಾಡುತ್ತೆ ಅಂತ ಅದನ್ನು ಕ್ಯಾಮೆರಾಮನ್ ಸಮೇತ ಒಂದು ಗಾಜಿನ ಕಿಟಕಿಯ ಪೆಟ್ಟಿಗೆಯಲ್ಲಿ ಕೂಡಿ ಹಾಕುತ್ತಿದ್ದರು. ಹಳೆಯ ಕಾರ್ಬನ್ ದೀಪಗಳೂ ಗುಂಯ್‌ಗುಡುತ್ತಿದ್ದವು ಅಂತ ಬೇರೆ ದೀಪ ತಂದರು, ಅವು ಕೆಂಡದಷ್ಟು ಬಿಸಿ. ಹಾಡಿನ ಕೊನೆಯ ಸಾಲಿನಲ್ಲಿ ಪಿಟೀಲಿನವನು ಕೆಮ್ಮಿದರೂ ಮತ್ತೆ ಮೊದಲಿಂದ.

1929ರಲ್ಲಿ ಎಂ.ಜಿ.ಎಂ. ಕಂಪನಿ 'ದ ಬ್ರಾಡ್‌ವೇ ಮೆಲೊಡಿ' ಮಾಡಿತು. ಅದರಲ್ಲಿ ಬೊಂಬೆ ಮದುವೆಯ ಒಂದು ದೊಡ್ಡ ಹಾಡಿದೆ. ಹಾಡಿದವರು ಜೇಮ್ಸ್ ಬರೋಸ್. ಚಿತ್ರೀಕರಣ ಮುಗಿದ ಮೇಲೆ ನಿರ್ಮಾಪಕ ಇರ್ವಿಂಗ್ ಥಾಲ್ಬರ್ಗ್ ನೋಡಿ, ಕುಣಿತ ಸಪ್ಪೆಯಾಗಿದೆ, ಮತ್ತೆ ತೆಗೆಯಿರಿ ಅಂದರು. ಆಗ ಧ್ವನಿ ವಿಭಾಗದ ಡಗ್ಲಸ್ ಶಿಯರರ್ ಒಂದು ಮಾತು ಹೇಳಿದರು. ಹಾಡು ಚೆನ್ನಾಗೇ ಬಂದಿದೆಯಲ್ಲ, ವಾದ್ಯದವರನ್ನು ಮತ್ತೆ ಕರೆಸಿ ದುಡ್ಡು ಯಾಕೆ ಕೊಡಬೇಕು, ಅದೇ ಹಾಡನ್ನು ಲೌಡ್‌ಸ್ಪೀಕರಿನಲ್ಲಿ ಹಾಕಿ ಕುಣಿಸೋಣ ಅಂತ. ಅಷ್ಟೇ. ದುಡ್ಡು ಉಳಿಸುವ ಲೆಕ್ಕದಿಂದ ಹುಟ್ಟಿದ ಉಪಾಯ. ಆ ಚಿತ್ರಕ್ಕೆ ಆ ವರ್ಷದ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು. ಬರೋಸ್ ಅನ್ನುವ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಬೇಡಿ, ನಾನೂ ತಡವಾಗಿಯೇ ಕೇಳಿದ್ದು.

ಆ ಚಿತ್ರದ ನಾಯಕ ಚಾರ್ಲ್ಸ್ ಕಿಂಗ್. ನಾಟಕದ ರಂಗದಿಂದ ಬಂದವರು, ಎದೆ ತುಂಬಿದ ದನಿ. 'ಯು ವರ್ ಮೆಂಟ್ ಫಾರ್ ಮಿ' ಅನ್ನುವ ಹಾಡನ್ನು ಮೊದಲು ಹಾಡಿದವರು. ಆದರೆ ಹಾಲಿವುಡ್ಡಿನವರು ಒಂದು ಅಡುಗೆ ಚೆನ್ನಾಗಾಯಿತು ಅಂದರೆ ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅದನ್ನೇ ಬಡಿಸುವವರು. 1930ರಲ್ಲಿ ನೂರಕ್ಕೂ ಜಾಸ್ತಿ ಸಂಗೀತ ಚಿತ್ರಗಳು ಬಂದವು. ಜನಕ್ಕೆ ವಾಕರಿಕೆ ಬಂತು. 1931ರಲ್ಲಿ ಬಂದದ್ದು 14. ಚಿತ್ರಮಂದಿರದವರು "ಇದರಲ್ಲಿ ಹಾಡಿಲ್ಲ" ಅಂತ ಬೋರ್ಡು ಹಾಕುವ ಕಾಲ ಬಂತು. ಕಿಂಗ್ ವಾಪಸ್ ರಂಗಕ್ಕೆ ಹೋದರು. ಯುದ್ಧದ ಸಮಯದಲ್ಲಿ ಸೈನಿಕರಿಗೆ ಹಾಡಲು ಹೋಗಿ 1944ರಲ್ಲಿ ಲಂಡನ್ನಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ಅವರ ಹಾಡುಗಳು ಮಾತ್ರ ಬೇರೆಯವರ ಬಾಯಲ್ಲಿ ಬದುಕಿದವು. ಅದಕ್ಕೆ ಆಮೇಲೆ ಬರುತ್ತೇನೆ.

ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ ಅನ್ನುವುದು ಪ್ಲೇಬ್ಯಾಕ್ ಬರುವ ಮೊದಲೇ ಶುರುವಾಗಿತ್ತು. ಆಗಿನದು ಕೈಚಳಕ. ರಿಚರ್ಡ್ ಬಾರ್ತೆಲ್ಮೆಸ್ ಅಂತ ಮೂಕಿ ಕಾಲದ ದೊಡ್ಡ ನಾಯಕ. 1929ರಲ್ಲಿ ಒಂದು ಚಿತ್ರದಲ್ಲಿ ಅವರು ಪಿಯಾನೊ ನುಡಿಸುತ್ತಾ ಹಾಡಬೇಕು. ಎರಡೂ ಬರದು. ಏನು ಮಾಡಿದರು ಅಂದರೆ, ಅವರ ಪಿಯಾನೊದ ತಂತಿಗಳಿಗೆ ಉಣ್ಣೆಯ ಬಟ್ಟೆ ಸುತ್ತಿ ಸದ್ದು ಬಾರದಂತೆ ಮಾಡಿದರು. ಕ್ಯಾಮೆರಾಕ್ಕೆ ಕಾಣದ ಕಡೆ ಇನ್ನೊಂದು ಪಿಯಾನೊ ಇಟ್ಟರು. ಅದನ್ನು ನುಡಿಸಿದವರು ಫ್ರ್ಯಾಂಕ್ ಚರ್ಚಿಲ್, ಪಕ್ಕದಲ್ಲಿ ನಿಂತು ಹಾಡಿದವರು ಜಾನಿ ಮರ್ರೆ. ಬಾರ್ತೆಲ್ಮೆಸ್ ಮೂಕ ಪಿಯಾನೊ ಮುಂದೆ ಕೂತು ಆ ಕಡೆ ಕಣ್ಣಿಟ್ಟುಕೊಂಡು ಬಾಯಿ ಆಡಿಸಿದರು. ಅದೇ ವರ್ಷ 'ಶೋ ಬೋಟ್' ಚಿತ್ರದಲ್ಲಿ ಲಾರಾ ಲಾ ಪ್ಲಾಂಟ್ ಅವರಿಗೆ ಈವಾ ಒಲಿವೊಟ್ಟಿ ಹಾಡಿದರು. ಅದರಲ್ಲಿ ನಾಯಕಿ ಬ್ಯಾಂಜೊ ಬೇರೆ ನುಡಿಸುತ್ತಾಳೆ, ಅದಕ್ಕೆ ಮತ್ತೊಬ್ಬರು.

1929ರ ಜುಲೈನಲ್ಲಿ 'ಫೋಟೊಪ್ಲೇ' ಪತ್ರಿಕೆ ಇದನ್ನೆಲ್ಲ ಬಯಲು ಮಾಡಿತು. ಯಾರಿಗೆ ಯಾರು ಹಾಡಿದರು ಅಂತ ಹೆಸರು ಸಮೇತ ಹಾಕಿತು. ಏನೋ ಕಳ್ಳತನ ಹಿಡಿದ ಧಾಟಿಯಲ್ಲಿ. ಈ ಫ್ರ್ಯಾಂಕ್ ಚರ್ಚಿಲ್ ಅನ್ನುವ ಹೆಸರನ್ನು ಮಾತ್ರ ಜ್ಞಾಪಕ ಇಟ್ಟುಕೊಳ್ಳಿ. ಇನ್ನೂ ಎರಡು ಸಲ ಬರುತ್ತಾರೆ.

ನನಗೆ ಇಲ್ಲಿ ಕುತೂಹಲ ಅನ್ನಿಸುವುದು ಆ ಗುಟ್ಟು. ಯಾಕೆ ಗುಟ್ಟು? ನಾವು ಕರಾವಳಿ, ಮಲೆನಾಡಿನವರು ಯಕ್ಷಗಾನ ನೋಡಿ ಬೆಳೆದಿದ್ದೇವೆ. ಭಾಗವತರು ಹಾಡುತ್ತಾರೆ, ವೇಷ ಕುಣಿಯುತ್ತದೆ. ಕರ್ಣನ ಅಳಲನ್ನು ಹಾಡಿದವರು ಕರ್ಣನ ಹಿಂದೆಯೇ ಮುಂಡಾಸು ಸುತ್ತಿಕೊಂಡು ಎಲ್ಲರ ಕಣ್ಣೆದುರು ಕೂತಿದ್ದಾರೆ. ಯಾರಿಗೂ ಮೋಸ ಅನ್ನಿಸಿಲ್ಲ. ಅಷ್ಟೇ ಏಕೆ, ಇವತ್ತು ಯಾರ ಭಾಗವತಿಕೆ ಅಂತ ಕೇಳಿಕೊಂಡೇ ಆಟಕ್ಕೆ ಹೋಗುವವರಿದ್ದಾರೆ. ಹಾಲಿವುಡ್ಡಿಗೆ ಆ ಹಿಮ್ಮೇಳದ ಅಭ್ಯಾಸ ಇರಲಿಲ್ಲ. ಅವರು ಮಾರುತ್ತಿದ್ದುದು ತಾರೆಯನ್ನು. ತಾರೆ ಅಂದರೆ ಒಂದೇ ಮುದ್ದೆ, ಮುಖ, ನಡಿಗೆ, ದನಿ ಎಲ್ಲ ಸೇರಿ. ಅದರಲ್ಲಿ ಒಂದು ತುಂಡು ಬೇರೆಯವರದು ಅಂತ ಗೊತ್ತಾದರೆ ಬೆಲೆ ಬೀಳುತ್ತೆ ಅನ್ನುವ ಭಯ.

ನಮ್ಮಲ್ಲೂ ಎಲ್ಲ ಸರಿ ಇತ್ತು ಅಂತ ಅಂದುಕೊಳ್ಳಬೇಡಿ. 1935ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ 'ಧೂಪ್ ಛಾಂವ್' ಚಿತ್ರದಲ್ಲಿ ಈ ಪದ್ಧತಿ ತಂದಿತು. ಅದಾಗಿ 14 ವರ್ಷದ ಮೇಲೆ, 1949ರಲ್ಲಿ, 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ರೆಕಾರ್ಡಿನ ಮೇಲೆ ಗಾಯಕಿಯ ಹೆಸರು ಏನಿತ್ತು ಗೊತ್ತಾ? ಕಾಮಿನಿ. ಅದು ಚಿತ್ರದ ಪಾತ್ರದ ಹೆಸರು. ಕೇಳುಗರು ರೇಡಿಯೊದವರಿಗೆ ಪತ್ರದ ಮೇಲೆ ಪತ್ರ ಬರೆದು ಯಾರಿದು, ಯಾರಿದು ಅಂತ ಪೀಡಿಸಿದ ಮೇಲೆ ಲತಾ ಮಂಗೇಶ್ಕರ್ ಅನ್ನುವ ಹೆಸರು ಹೊರಗೆ ಬಂತು. ವ್ಯತ್ಯಾಸ ಇಷ್ಟೇ, ನಮ್ಮ ಜನ ಕೇಳಿದರು, ಇಲ್ಲಿನವರು ಹೇಳಿದರು. ಅಲ್ಲಿ ಅದಾದ ಮೇಲೂ ಬಹಳ ವರ್ಷ ಬಾಯಿ ಬಿಡಲಿಲ್ಲ.

ಈ ಗುಟ್ಟು ಎಷ್ಟು ವಿಚಿತ್ರಕ್ಕೆ ಹೋಗುತ್ತಿತ್ತು ಅಂದರೆ, 1936ರ 'ದ ಗ್ರೇಟ್ ಝೀಗ್‌ಫೆಲ್ಡ್' ನೋಡಿ. ಮದುವೆ ಕೇಕಿನಂಥ ದೈತ್ಯ ಮೆಟ್ಟಿಲು, ಅದು ಸುತ್ತುತ್ತಾ ಹೋಗುತ್ತದೆ, ತುಂಬಾ ಜನ ಕುಣಿಯುವವರು. ಬುಡದಲ್ಲಿ ಒಬ್ಬ ಚೆಲುವ ಹಾಡುತ್ತಾನೆ. ಆತ ಸ್ಟ್ಯಾನ್ಲಿ ಮಾರ್ನರ್, ಮುಂದೆ ಡೆನಿಸ್ ಮಾರ್ಗನ್ ಅಂತ ಹೆಸರು ಮಾಡಿದವರು. ದನಿ ಆತನದಲ್ಲ, ಆಲನ್ ಜೋನ್ಸ್ ಅವರದು. ಸರಿ, ಹಾಡಲು ಬರದವನಿಗೆ ಡಬ್ ಮಾಡಿದರು ಅಂತೀರಾ? ಇಲ್ಲ. ಮಾರ್ಗನ್ ಸ್ವತಃ ಒಳ್ಳೆಯ ಗಾಯಕ! ಜಿಲೇಬಿ ಅಂಗಡಿಯವನಿಗೆ ಪಕ್ಕದ ಅಂಗಡಿಯ ಜಿಲೇಬಿ ತಿನ್ನಿಸಿದ ಹಾಗೆ. ವರ್ಜೀನಿಯಾ ವೆರಿಲ್ ಅಂತ ಇನ್ನೊಬ್ಬರು ನಟಿ ಜೀನ್ ಹಾರ್ಲೋಗೆ ಹಾಡುತ್ತಿದ್ದರು, ಆಮೇಲೆ ಆಂಡ್ರಿಯಾ ಲೀಡ್ಸ್‌ಗೆ. ಚಂದದ ಮುಖ, ಚಂದದ ದನಿ, ಎರಡೂ ಇದ್ದವರು. ಅವರ ಬಗ್ಗೆ ಜಾಸ್ತಿ ಹೇಳಲು ಹೊತ್ತಿಲ್ಲ.

ಒಬ್ಬರ ಕತೆಯನ್ನು ಮಾತ್ರ ಪೂರ್ತಿ ಹೇಳಬೇಕು. ಲಾಸ್ ಏಂಜಲೀಸಿನಲ್ಲಿ ಗ್ವೀಡೊ ಕ್ಯಾಸೆಲೊಟ್ಟಿ ಅಂತ ಒಬ್ಬ ಸಂಗೀತದ ಮೇಷ್ಟ್ರು. 1930ರ ದಶಕದ ನಡುವೆ ಒಂದು ದಿನ ಅವರಿಗೆ ಡಿಸ್ನಿ ಸ್ಟುಡಿಯೊ ಕಡೆಯಿಂದ ಫೋನು. ಮಗುವಿನ ದನಿಯಲ್ಲಿ ಹಾಡಬಲ್ಲ ಶಿಷ್ಯೆ ಯಾರಾದರೂ ಇದ್ದಾರಾ ಅಂತ. ಮನೆಯ ಇನ್ನೊಂದು ಕೋಣೆಯಲ್ಲಿ ಎಕ್ಸ್‌ಟೆನ್ಷನ್ ಫೋನಿತ್ತು. ಮೇಷ್ಟ್ರ ಮಗಳು ಏಡ್ರಿಯಾನಾ ಅದನ್ನು ಮೆಲ್ಲಗೆ ಎತ್ತಿ ಕದ್ದು ಕೇಳುತ್ತಿದ್ದಳು. ತಡೆಯಲಾಗಲಿಲ್ಲ. ನಾನು ಆಗಲ್ವಾ ಅಂತ ನಡುವೆ ಬಾಯಿ ಹಾಕಿ ಫೋನಿನಲ್ಲೇ ಹಾಡಿಬಿಟ್ಟಳು. ಅಪ್ಪ ಫೋನಿಡು ಅಂತ ರೇಗುತ್ತಿದ್ದಾರೆ, ಇವಳು ಹಾಡುತ್ತಿದ್ದಾಳೆ. ಅದೇ ಡಿಸ್ನಿಯ ಕಾರ್ಟೂನ್ ಚಿತ್ರದ ರಾಜಕುಮಾರಿ ಸ್ನೋ ವೈಟ್‌ಳ ದನಿ.

ಎಷ್ಟೋ ಹುಡುಗಿಯರನ್ನು ನೋಡಿ ಬಿಟ್ಟಿದ್ದರು. ಮುಂದೆ ದೊಡ್ಡ ತಾರೆಯಾದ ಡಿಯಾನಾ ಡರ್ಬಿನ್‌ಗೆ ಆಗ 13 ವರ್ಷ, ದನಿ ತೀರಾ ದೊಡ್ಡವರದಾಯಿತು ಅಂತ ಆಕೆಯನ್ನೂ ಬಿಟ್ಟರು. ಏಡ್ರಿಯಾನಾಗೆ ದಿನಕ್ಕೆ 20 ಡಾಲರ್ ಕೂಲಿ. ಒಟ್ಟು ಕೈಗೆ ಬಂದದ್ದು 970 ಡಾಲರ್. ಹಾಡುಗಳ ಸಂಗೀತ ಯಾರದು? ನಮ್ಮ ಫ್ರ್ಯಾಂಕ್ ಚರ್ಚಿಲ್‌ದು. ಪರದೆ ಹಿಂದೆ ಪಿಯಾನೊ ಬಾರಿಸಿದವರು ಈಗ ಸಂಗೀತ ನಿರ್ದೇಶಕರು, ಅವರ ಹೆಸರು ಬಂತು. ಹಾಡಿದವರ ಹೆಸರು ಬರಲಿಲ್ಲ. ದನಿ ಕೊಟ್ಟ ಯಾರ ಹೆಸರೂ ಆ ಚಿತ್ರದ ಟೈಟಲಿನಲ್ಲಿ ಇಲ್ಲ.

1937ರ ಡಿಸೆಂಬರ್ 21, ಕಾರ್ಥೇ ಸರ್ಕಲ್ ಥಿಯೇಟರಿನಲ್ಲಿ ಮೊದಲ ಪ್ರದರ್ಶನ. ಏಡ್ರಿಯಾನಾ ಮತ್ತು ರಾಜಕುಮಾರನಿಗೆ ಹಾಡಿದ ಹ್ಯಾರಿ ಸ್ಟಾಕ್‌ವೆಲ್ ಇಬ್ಬರಿಗೂ ಕರೆ ಇಲ್ಲ. ಇಬ್ಬರೂ ಹೋದರು. ಬಾಗಿಲಲ್ಲಿ ಟಿಕೆಟ್ ಕೇಳಿದರಂತೆ. ನಾನೇ ಸ್ನೋ ವೈಟ್, ಇವರೇ ರಾಜಕುಮಾರ ಅಂದರಂತೆ. ಯಾರಾದರೆ ಏನು, ಟಿಕೆಟ್ ತೋರಿಸಿ ಅಂತ ಉತ್ತರ. ಬಾಗಿಲಿನವರು ಆ ಕಡೆ ತಿರುಗಿದಾಗ ಬಾಲ್ಕನಿಗೆ ನುಸುಳಿ ಸಿನಿಮಾ ನೋಡಿದರಂತೆ. ಈ ಪ್ರಸಂಗವನ್ನು ಆಕೆಯೇ ಬಹಳ ಸಲ ನಗುನಗುತ್ತಾ ಹೇಳಿದ್ದಾರೆ.

ನಗು ಬಾರದ ಭಾಗವೂ ಇದೆ. ರೇಡಿಯೊದ ದೊಡ್ಡ ಹಾಸ್ಯಗಾರ ಜ್ಯಾಕ್ ಬೆನಿ ಆಕೆಯನ್ನು ತಮ್ಮ ಕಾರ್ಯಕ್ರಮಕ್ಕೆ ಕೇಳಿದರು. ಡಿಸ್ನಿ ಒಪ್ಪಲಿಲ್ಲ. ಆ ದನಿ ಬೇರೆ ಕಡೆ ಕೇಳಿಸಿದರೆ ಸ್ನೋ ವೈಟ್ ಭ್ರಮೆ ಕೆಡುತ್ತದೆ ಅನ್ನುವುದು ಅವರ ವಾದ. 1938ರಲ್ಲಿ ಹಾಡಿನ ರೆಕಾರ್ಡುಗಳ ಲಾಭದಲ್ಲಿ ಪಾಲು ಬೇಕು ಅಂತ ಏಡ್ರಿಯಾನಾ, ಸ್ಟಾಕ್‌ವೆಲ್ ಇಬ್ಬರೂ ದಾವೆ ಹಾಕಿದರು, ಸೋತರು. ಆಮೇಲೆ ಸಿನಿಮಾದಲ್ಲಿ ಆಕೆಯ ದನಿ ಕೇಳಬೇಕೆಂದರೆ ಭೂತಗನ್ನಡಿ ಹಿಡಿಯಬೇಕು. 1939ರ 'ವಿಝರ್ಡ್ ಆಫ್ ಆಝ್'ನಲ್ಲಿ ತಗಡಿನ ಮನುಷ್ಯ ಹಾಡುವಾಗ ನಡುವೆ ಒಂದು ಹೆಣ್ಣು ದನಿ ರೋಮಿಯೋನನ್ನು ಕರೆಯುತ್ತದೆ, ಒಂದೇ ಸಾಲು. ಅದು ಆಕೆ. ಚಿನ್ನದ ಪಂಜರ ಅನ್ನೋಣ ಅಂದರೆ, 970 ಡಾಲರಿಗೆ ಚಿನ್ನ ಎಲ್ಲಿಂದ ಬರಬೇಕು?

ವಯಸ್ಸಾದ ಮೇಲೆ ತಮ್ಮ ಮನೆಯ ಮುಂದೆ ಚಿತ್ರದಲ್ಲಿದ್ದಂತೆ ಒಂದು ಬಾವಿ ಕಟ್ಟಿಸಿಕೊಂಡಿದ್ದರು. ಕೇಳಿದವರಿಗೆಲ್ಲ ಚಿತ್ರದ ಬಾವಿಯ ಹಾಡು ಹಾಡಿ ತೋರಿಸುತ್ತಿದ್ದರು. 1994ರಲ್ಲಿ ಡಿಸ್ನಿ ಕಂಪನಿ ಗೌರವ ಕೊಟ್ಟಿತು. 1997ರಲ್ಲಿ ತೀರಿಕೊಂಡರು.

ಕ್ಲಿಫ್ ಎಡ್ವರ್ಡ್ಸ್ ಬಗ್ಗೆಯೂ ಹೇಳಬೇಕು. ನಿಮಗೆಲ್ಲ ಗೊತ್ತಿರುವ ಒಂದು ಹಾಡಿದೆ, 'ಸಿಂಗಿಂಗ್ ಇನ್ ದ ರೇನ್'. ಛತ್ರಿ ಹಿಡಿದು ದೀಪದ ಕಂಬ ಹತ್ತುವ ಜೀನ್ ಕೆಲಿ ಕಣ್ಮುಂದೆ ಬರುತ್ತಾರೆ ಅಲ್ವಾ? ಅದು 1952. ಸಿನಿಮಾದಲ್ಲಿ ಅದನ್ನು ಮೊದಲು ಹಾಡಿದ್ದು 1929ರ 'ಹಾಲಿವುಡ್ ರೆವ್ಯೂ' ಚಿತ್ರದಲ್ಲಿ ಈ ಎಡ್ವರ್ಡ್ಸ್. ಕೈಯಲ್ಲಿ ಪುಟ್ಟ ಗಿಟಾರಿನಂಥ ಒಂದು ಯುಕುಲೇಲೆ, ಮೇಲಿಂದ ಸೆಟ್ಟಿನ ಮಳೆ. ಒಂದು ಹೋಟೆಲಿನವರಿಗೆ ಅವರ ಹೆಸರು ನೆನಪಿರದೆ 'ಐಕ್' ಅಂತ ಕರೆದು ಕರೆದು, ಯುಕುಲೇಲೆ ಐಕ್ ಅನ್ನುವುದೇ ಹೆಸರಾಯಿತು. 1940ರಲ್ಲಿ 'ಪಿನೋಕಿಯೊ' ಕಾರ್ಟೂನ್ ಚಿತ್ರದ ಜೀರುಂಡೆಗೆ ದನಿ ಕೊಟ್ಟವರೂ ಇವರೇ. ಜಗತ್ತಿನ ಮಕ್ಕಳೆಲ್ಲ ಕೇಳಿದ ದನಿ. ಕುಡಿತ, ಸಾಲ, ವಿಚ್ಛೇದನ ಎಲ್ಲ ಸೇರಿ ಬರಿಗೈಯಾದರು. 1971ರಲ್ಲಿ ಧರ್ಮಾರ್ಥ ರೋಗಿಯಾಗಿ ಸತ್ತಾಗ ಹೆಣ ಕೇಳಿಕೊಂಡು ಯಾರೂ ಬರಲಿಲ್ಲ. ವೈದ್ಯಕೀಯ ಕಾಲೇಜಿಗೆ ಕೊಟ್ಟುಬಿಟ್ಟಿದ್ದರು. ವಿಷಯ ತಿಳಿದ ಮೇಲೆ ಕಲಾವಿದರ ನೆರವಿನ ಸಂಘಗಳು ಬಿಡಿಸಿಕೊಂಡು ಬಂದು ಮಣ್ಣು ಮಾಡಿದವು, ಡಿಸ್ನಿ ಕಂಪನಿ ಸಮಾಧಿಗೆ ಕಲ್ಲು ಹಾಕಿಸಿತು.

ಆ 1952ರ ಚಿತ್ರದ ವಿಷಯ ಬಂತಲ್ಲ. ಚಾರ್ಲ್ಸ್ ಕಿಂಗ್ ಅವರ ಹಾಡೂ ಅದರಲ್ಲಿದೆ, ಜೀನ್ ಕೆಲಿ ದನಿಯಲ್ಲಿ. ಅದರ ಕತೆಯೇ ಡಬ್ಬಿಂಗ್ ಬಗ್ಗೆ. ಕೀರಲು ದನಿಯ ತಾರೆಗೆ ಪರದೆ ಹಿಂದೆ ನಿಂತು ಹಾಡುವ ಬಡ ಹುಡುಗಿ, ಕೊನೆಗೆ ಪರದೆ ಎಳೆದು ನಿಜ ಬಯಲಾಗುತ್ತದೆ. ನಾವೆಲ್ಲ ಚಪ್ಪಾಳೆ ಹೊಡೆಯುತ್ತೇವೆ. ಆ ಹುಡುಗಿಯ ಪಾತ್ರ ಮಾಡಿದವರು ಡೆಬಿ ರೆನಾಲ್ಡ್ಸ್. ತಾರೆಗೆ ಆಕೆ ಹಾಡಿಕೊಡುವ ಆ ಹಾಡನ್ನು ನಿಜವಾಗಿ ಹಾಡಿದವರು ರೆನಾಲ್ಡ್ಸ್ ಅಲ್ಲ, ಬೆಟಿ ನೋಯ್ಸ್! ಪರದೆ ಎಳೆದರೂ ಅದರ ಹಿಂದೆ ಇನ್ನೊಂದು ಪರದೆ. ಟೈಟಲಿನಲ್ಲಿ ನೋಯ್ಸ್ ಹೆಸರಿಲ್ಲ. ಇದೇ ನೋಯ್ಸ್ 1941ರ 'ಡಂಬೊ'ದಲ್ಲಿ ಆನೆಯಮ್ಮ ಸರಪಳಿಯಲ್ಲಿದ್ದುಕೊಂಡೇ ಮರಿಯನ್ನು ಸೊಂಡಿಲಲ್ಲಿ ತೂಗುವ ಜೋಗುಳ ಹಾಡಿದವರು. ಆ ಹಾಡು ಆಸ್ಕರಿಗೆ ನಾಮನಿರ್ದೇಶನ ಆಯಿತು. ಅಲ್ಲೂ ಹೆಸರಿಲ್ಲ. ಸಂಗೀತ, ನೀವು ಊಹಿಸಿದಂತೆ, ಫ್ರ್ಯಾಂಕ್ ಚರ್ಚಿಲ್.

ಇಲ್ಲಿಯವರೆಗೆ ಹೇಳಿದ್ದು ದನಿ ಕೇಳಿಸಿ ಮುಖ ಕಾಣದವರ ಮಾತು. ಮುಖ ಕಂಡೂ ಹೆಸರು ಸಿಗದವರು ಇನ್ನೊಂದು ಬಗೆ. ಅವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು.

ನೀನಾ ಮೇ ಮೆಕಿನಿ. 1912ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ ಹುಟ್ಟಿದವರು. ನಿರ್ದೇಶಕ ಕಿಂಗ್ ವಿಡರ್ ಈಕೆಯನ್ನು ನ್ಯೂಯಾರ್ಕಿನ ಒಂದು ರಂಗಪ್ರದರ್ಶನದಲ್ಲಿ, ಗುಂಪಿನಲ್ಲಿ ಕುಣಿಯುತ್ತಿದ್ದವರ ನಡುವೆ ಕಂಡು ಆರಿಸಿದರು. 1929ರ 'ಹಲ್ಲೆಲೂಯಾ', ಪೂರ್ತಿ ಕಪ್ಪು ಕಲಾವಿದರ ಚಿತ್ರ. ಅದರಲ್ಲಿ 'ಸ್ವಾನೀ ಷಫಲ್' ಹಾಡುವಾಗ ಈಕೆಗೆ 17ರ ಆಸುಪಾಸು. ಸೊಂಟದ ಮೇಲೆ ಕೈ, ಕಣ್ಣಲ್ಲಿ ತುಂಟತನ, ಕ್ಯಾಮೆರಾ ಹೆದರಿಕೆ ಅನ್ನುವುದೇ ಇಲ್ಲ. ಚಿತ್ರ ನ್ಯೂಯಾರ್ಕಿನಲ್ಲಿ ಒಂದೇ ದಿನ ಎರಡು ಕಡೆ ಬಿಡುಗಡೆಯಾಯಿತು, ಒಂದು ಬಿಳಿಯರ ಬ್ರಾಡ್‌ವೇ ಕಡೆ, ಇನ್ನೊಂದು ಕಪ್ಪು ಜನರ ಬಡಾವಣೆ ಹಾರ್ಲೆಮ್ಮಿನಲ್ಲಿ. ಕಪ್ಪು ಪ್ರೇಕ್ಷಕರು ಈ ಕಡೆ ಬಾರದಿರಲಿ ಅಂತಲೇ ಹೀಗೆ ಮಾಡಿದ್ದು ಅಂತ ಆಗಲೇ ಜನ ದೂರಿದರು. ಎಂ.ಜಿ.ಎಂ. ಈಕೆಯ ಜೊತೆ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಮಾಡಿಕೊಂಡು? ಏನು ಪಾತ್ರ ಕೊಡಬೇಕು ಅಂತ ಗೊತ್ತಾಗಲಿಲ್ಲ. ನಾಯಕಿ ಮಾಡುವಂತಿಲ್ಲ, ಕೆಲಸದವಳ ಪಾತ್ರಕ್ಕೆ ಈಕೆ ತೀರಾ ಚೆಲುವೆ. ಯೂರೋಪಿಗೆ ಹೋಗಿ ಹಾಡಿ ಹೆಸರು ಮಾಡಿದರು. 1967ರಲ್ಲಿ ತೀರಿಕೊಂಡರು.

ಹೆಲೆನ್ ಕೇನ್ ಅನ್ನುವ ಗಾಯಕಿ ಹಾಡಿನ ನಡುವೆ 'ಬೂಪ್ ಬೂಪ್ ಅ ಡೂಪ್' ಅನ್ನುತ್ತಿದ್ದರು, ಮಗುವಿನಂತೆ. ಬೆಟಿ ಬೂಪ್ ಕಾರ್ಟೂನ್ ಬಂದಾಗ ನನ್ನ ಶೈಲಿ ಕದ್ದಿದ್ದಾರೆ ಅಂತ 1932ರಲ್ಲಿ ಎರಡೂವರೆ ಲಕ್ಷ ಡಾಲರಿಗೆ ದಾವೆ ಹಾಕಿದರು. 1934ರಲ್ಲಿ ವಿಚಾರಣೆ. ಎದುರು ಪಕ್ಷದವರು ಬೇಬಿ ಎಸ್ತರ್ ಅನ್ನುವ ಕಪ್ಪು ಬಾಲಕಲಾವಿದೆ ಇದಕ್ಕೂ ಮೊದಲೇ ಹೀಗೆ ಹಾಡುತ್ತಿದ್ದಳು ಅಂತ ಸಾಕ್ಷಿ ತಂದರು, ಆಕೆಯ ಒಂದು ಪರೀಕ್ಷಾ ಚಿತ್ರ ತೋರಿಸಿದರು. ಕೇನ್ ಸೋತರು. ಎಸ್ತರ್‌ಗೆ ಏನು ಬಂತು? ಏನೂ ಇಲ್ಲ. ವಾಟ್ಸ್ಯಾಪಿನಲ್ಲಿ 'ನಿಜವಾದ ಬೆಟಿ ಬೂಪ್' ಅಂತ ಒಂದು ಚಂದದ ಫೋಟೋ ಓಡಾಡುತ್ತದೆ. ದಯವಿಟ್ಟು ಮುಂದೆ ಕಳಿಸಬೇಡಿ. ಅದು ನಮ್ಮ ಕಾಲದ ಯಾರೋ ರೂಪದರ್ಶಿಯದು, ಎಸ್ತರ್ ಅಲ್ಲ. ಆಕೆಯ ಮುಖಕ್ಕೂ ಈಗ ಡಬ್ಬಿಂಗ್.

ಕೊನೆಯದಾಗಿ ಎಟಾ ಮೋಟೆನ್. 1933ರ 'ಗೋಲ್ಡ್ ಡಿಗರ್ಸ್' ಚಿತ್ರದ ಕೊನೆಯ ಹಾಡು. ಹಿನ್ನೆಲೆ ಸ್ವಲ್ಪ ಹೇಳಬೇಕು. ಮೊದಲನೇ ಮಹಾಯುದ್ಧದಲ್ಲಿ ಹೋರಾಡಿ ಬಂದ ಸೈನಿಕರು ಆರ್ಥಿಕ ಕುಸಿತದ ಕಾಲದಲ್ಲಿ ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದರು. 1932ರಲ್ಲಿ ತಮಗೆ ಬರಬೇಕಾದ ಹಣ ಕೊಡಿ ಅಂತ ವಾಷಿಂಗ್ಟನ್ನಿಗೆ ಹೋದರು, ಸರ್ಕಾರ ಸೇನೆ ಕಳಿಸಿ ಓಡಿಸಿತು. ಮರುವರ್ಷ ಬಂದ ಚಿತ್ರ ಇದು. ಮೊದಲಿಂದ ಎಲ್ಲ ನಗು, ಥಳುಕು, ನಾಣ್ಯ ತೊಟ್ಟ ಹುಡುಗಿಯರು. ಕೊನೆಗೆ ಈ ಹಾಡು, ನನ್ನ ಮರೆತುಹೋದ ಗಂಡಸನ್ನು ನೆನೆಯಿರಿ ಅಂತ. ಬೀದಿ ದೀಪದ ಕೆಳಗೆ ಜೋನ್ ಬ್ಲಾಂಡೆಲ್ ನಿಂತು ಸಾಲುಗಳನ್ನು ಹಾಡುವುದಿಲ್ಲ, ಮಾತಿನಂತೆ ಹೇಳುತ್ತಾರೆ. ಆಮೇಲೆ ಕ್ಯಾಮೆರಾ ಕಿಟಕಿಯ ಕಡೆ ತಿರುಗುತ್ತದೆ. ಅಲ್ಲಿ ಕಪ್ಪು ಹೆಂಗಸೊಬ್ಬರು ಕೂತಿದ್ದಾರೆ. ಹಾಡನ್ನು ಹಾಡಾಗಿ ಮೊದಲು ನಮಗೆ ಕೇಳಿಸುವವರು ಅವರೇ. ಕೈಯಲ್ಲಿ ತಟ್ಟೆ ಇಲ್ಲ, ಸೊಂಟಕ್ಕೆ ಏಪ್ರನ್ ಇಲ್ಲ. ಆ ಕಾಲದ ಹಾಲಿವುಡ್ಡಿನಲ್ಲಿ ಕಪ್ಪು ಹೆಂಗಸನ್ನು ಹೀಗೆ, ಸುಮ್ನೆ ಗಂಡನನ್ನು ಕಳೆದುಕೊಂಡ ಒಬ್ಬ ಹೆಂಗಸಾಗಿ ತೋರಿಸುತ್ತಲೇ ಇರಲಿಲ್ಲ. ಟೈಟಲಿನಲ್ಲಿ ಹೆಸರಿಲ್ಲ.

ಪಾದ್ರಿಯ ಮಗಳು, 1901ರಲ್ಲಿ ಟೆಕ್ಸಾಸಿನಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿಗೇ ಮದುವೆ, ಮೂರು ಹೆಣ್ಣುಮಕ್ಕಳು. ಮದುವೆ ಮುರಿದ ಮೇಲೆ ಮಕ್ಕಳನ್ನು ಅಪ್ಪ ಅಮ್ಮನ ಹತ್ತಿರ ಬಿಟ್ಟು ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಓದಿದರು, 1931ರಲ್ಲಿ ಪದವಿ. ಹಾಲಿವುಡ್ಡಿಗೆ ಬರುವಾಗ ವಯಸ್ಸು 30 ದಾಟಿತ್ತು. ಬೇರೆ ನಟಿಯರಿಗೂ ದನಿ ಕೊಟ್ಟರು, ಅವರಲ್ಲಿ ಜಿಂಜರ್ ರಾಜರ್ಸ್ ಒಬ್ಬರು. ಅದೇ 1933ರ ಕೊನೆಗೆ ಬಂದ 'ಫ್ಲೈಯಿಂಗ್ ಡೌನ್ ಟು ರಿಯೊ'ದಲ್ಲಿ ತಲೆ ಮೇಲೆ ಹಣ್ಣುಗಳನ್ನು ಸಿಂಗರಿಸಿಕೊಂಡು 'ಕ್ಯಾರಿಯೋಕಾ' ಹಾಡಿದರು. ಫ್ರೆಡ್ ಆಸ್ಟೇರ್, ಜಿಂಜರ್ ರಾಜರ್ಸ್ ಮೊದಲ ಸಲ ಜೊತೆಯಾಗಿ ಕುಣಿದದ್ದು ಆ ಹಾಡಿಗೆ. ಹಾಡು ಆಸ್ಕರ್ ಪಟ್ಟಿಗೂ ಹೋಯಿತು. ಅಲ್ಲಿ ಇವರ ಹೆಸರು ಬಂತು, ಪಾತ್ರದ ಹೆಸರು ಬರೀ 'ಕಪ್ಪು ಗಾಯಕಿ'.

1934ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಹುಟ್ಟುಹಬ್ಬಕ್ಕೆ ಶ್ವೇತಭವನದಲ್ಲಿ ಆ ಕಿಟಕಿಯ ಹಾಡನ್ನೇ ಹಾಡಿದರು. ಇಪ್ಪತ್ತನೇ ಶತಮಾನದಲ್ಲಿ ಅಲ್ಲಿ ಹಾಡಿದ ಮೊದಲ ಕಪ್ಪು ಮಹಿಳೆ ಅಂತ ಅವರನ್ನು ಗುರುತಿಸುತ್ತಾರೆ. ಯೋಚಿಸಿ, ಸಿನಿಮಾದವರು ಹೆಸರು ಹಾಕದ ಹಾಡಿಗೆ ದೇಶದ ಅಧ್ಯಕ್ಷರ ಮನೆಯಿಂದ ಕರೆ. 1942ರಲ್ಲಿ 'ಪೋರ್ಗಿ ಆಂಡ್ ಬೆಸ್' ಸಂಗೀತ ನಾಟಕದಲ್ಲಿ ಬೆಸ್ ಆದರು. ಅದರಲ್ಲಿದ್ದ, ಕಪ್ಪು ಜನರನ್ನು ಹೀಯಾಳಿಸುವ ಒಂದು ಪದವನ್ನು ನಾನು ಹಾಡುವುದಿಲ್ಲ ಅಂದರು. ಆಮೇಲೆ ಶಿಕಾಗೋದಲ್ಲಿ ರೇಡಿಯೊ ಕಾರ್ಯಕ್ರಮ ನಡೆಸಿದರು. 1957ರ ಮಾರ್ಚಿನಲ್ಲಿ ಘಾನಾ ದೇಶ ಸ್ವತಂತ್ರವಾದಾಗ ಪತ್ರಕರ್ತ ಗಂಡ ಕ್ಲಾಡ್ ಬಾರ್ನೆಟ್ ಜೊತೆ ಅಲ್ಲಿಗೆ ಹೋಗಿದ್ದರು. ಅಕ್ರಾದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರನ್ನು ಮೈಕ್ ಹಿಡಿದು ಮಾತಾಡಿಸಿದರು. 2004ರ ಜನವರಿಯಲ್ಲಿ ತೀರಿಕೊಂಡಾಗ ವಯಸ್ಸು 102. ಅದಕ್ಕೇ ನಾನು ಇವರನ್ನು ಅಯ್ಯೋ ಪಾಪ ಪಟ್ಟಿಗೆ ಸೇರಿಸುವುದಿಲ್ಲ. ಹಾಲಿವುಡ್ಡಿಗೆ ಇವರು ಬೇಕಿದ್ದದ್ದಕ್ಕಿಂತ ಇವರಿಗೆ ಹಾಲಿವುಡ್ ಬೇಕಿದ್ದದ್ದು ಕಡಿಮೆ.

ಮೊದಲ ಸಾಲಿನಲ್ಲಿ ಒಬ್ಬರು ಚಹಾ ಬಿಡುವಿನಲ್ಲಿ ಕೇಳಿದರು, ನಮ್ಮವರದ್ದು ಬಿಟ್ಟು ಅಮೆರಿಕದವರ ನೆನಪು ಯಾಕೆ ಸಾರ್ ಅಂತ. ನ್ಯಾಯವಾದ ಪ್ರಶ್ನೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ತೆರೆ ಕಂಡಿತು. ನಾಗೇಂದ್ರರಾಯರು, ಸುಬ್ಬಯ್ಯನಾಯ್ಡು, ತ್ರಿಪುರಾಂಬ ಕ್ಯಾಮೆರಾ ಮುಂದೆ ತಾವೇ ಹಾಡಿದರು. ಒಂದು ಪ್ರಿಂಟೂ ಉಳಿದಿಲ್ಲ. ಆ ಚಿತ್ರಮಂದಿರದ ಹೆಸರು ಏನಿತ್ತು ಹೇಳಿ? ಪ್ಯಾರಾಮೌಂಟ್, ಹಾಲಿವುಡ್ಡಿನ ಕಂಪನಿಯದೇ ಹೆಸರು! ಅದನ್ನು ನೀವು ಹೇಗಾದರೂ ತಗೊಳ್ಳಿ. ನಮ್ಮದು ಕೇಳೋಣ ಅಂದರೆ ಕೇಳಲು ಏನೂ ಇಲ್ಲ. ಇವರದು ಇದೆ.

ಆ ಹಾಡು ಈಗ ಹಾಕುತ್ತೇನೆ. ಬ್ಲಾಂಡೆಲ್ ಮಾತು ಮುಗಿದ ಮೇಲೆ ಕಿಟಕಿ ಬರುತ್ತದೆ, ಅಷ್ಟು ಹೊತ್ತು ಮೊಬೈಲ್ ಕೆಳಗಿಡಿ. ಅವರು ಕಾಣುವುದು ಸ್ವಲ್ಪವೇ ಹೊತ್ತು. ಹಿಂದೆ ಕೂತವರಿಗೆ ಕೇಳಿಸದಿದ್ದರೆ ಕೈ ಎತ್ತಿ, ವಾಲ್ಯೂಮ್ ಜಾಸ್ತಿ ಮಾಡೋಣ. ಆ ಬಾಗಿಲ ಹತ್ತಿರದ ಲೈಟ್ ಯಾರಾದರೂ ಆರಿಸ್ತೀರಾ?